ಶೆಟ್ರ ಮೂಗು

ಮುಂಬಯಿಯಲ್ಲಿ ಮನುಷ್ಯ ಕುಡಿಯುವುದು ಚಟಕ್ಕಲ್ಲ, ಆರೋಗ್ಯಕ್ಕೆ. ಇದು ಕುಡುಕರ ಸಬೂಬಲ್ಲ, ಸರಕಾರದ ಮಾತು. 1949ರ ಬಾಂಬೆ ಪ್ರೊಹಿಬಿಷನ್ ಕಾಯಿದೆ ಇನ್ನೂ ಜೀವ ಹಿಡಿದುಕೊಂಡಿದೆ. ಅದರ ಪ್ರಕಾರ ಗ್ಲಾಸು ಎತ್ತುವವನ ಕಿಸೆಯಲ್ಲಿ ಪರ್ಮಿಟ್ ಇರಬೇಕು. ಆ ಪರ್ಮಿಟ್ ಕೊಡುವುದು ಆರೋಗ್ಯದ ರಕ್ಷಣೆಗೆ, ಪೋಷಣೆಗೆ. ವರ್ಷಪೂರ್ತಿ ಪೋಷಣೆ ಬೇಡ, ಇವತ್ತೊಂದು ದಿನ ಸಾಕು ಎನ್ನುವವರಿಗೆ 5 ರೂಪಾಯಿಯ ಚೀಟಿಯೂ ಉಂಟು. ಈ ಆರೋಗ್ಯಸೇವೆಯ ಮೂಲಸ್ಥಾನವಾದ ಅಬಕಾರಿ ಆಯುಕ್ತರ ಕಚೇರಿ ಬಹುಕಾಲ ಇದ್ದದ್ದು ಫೋರ್ಟಿನ ಓಲ್ಡ್ ಕಸ್ಟಮ್ ಹೌಸಿನಲ್ಲಿ. ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ ನಮ್ಮ ಶೆಟ್ರ ಹೋಟೆಲು. ಬೋರ್ಡಿನ ಮೇಲೆ ಹೆಸರಿಗಿಂತ ದಪ್ಪ ಅಕ್ಷರದಲ್ಲಿ 'ಬಾರ್ ಅಂಡ್ ಪರ್ಮಿಟ್ ರೂಮ್' ಎಂದಿದೆ.

ಪರ್ಮಿಟ್ ರೂಮ್ ಎಂದರೆ ತುಳುನಾಡಿನ ಶೆಟ್ರು ಎಂದು ಮುಂಬಯಿ ಎಂದೋ ತೀರ್ಮಾನಿಸಿಬಿಟ್ಟಿದೆ. ನಮ್ಮ ಶೆಟ್ರೂ ಹುಡುಗನಾಗಿ ಫೋರ್ಟಿಗೆ ಬಂದು, ಹಗಲು ಗ್ಲಾಸು ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ತೂಕಡಿಸಿ, ಕೊನೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು. 1973ರಲ್ಲಿ ಕಾವಸ್‌ಜಿ ಪಟೇಲ್ ಬೀದಿಯಲ್ಲಿ ಶುರುವಾದ ಮಹೇಶ್ ಲಂಚ್ ಹೋಮಿನಂಥ ಜಾಗಗಳು ಫೋರ್ಟಿನ ವಕೀಲರಿಗೂ ಷೇರು ದಲ್ಲಾಳಿಗಳಿಗೂ ಗಸಿಯ ರುಚಿ ಹತ್ತಿಸಿದ ಕಾಲ ಅದು. ಇಷ್ಟು ವರ್ಷ ಜನರಿಗೆ ಕುಡಿಸಿದ ಶೆಟ್ರು ಮಾತ್ರ ಒಂದು ತೊಟ್ಟು ಬಾಯಿಗೆ ಬಿಟ್ಟವರಲ್ಲ. ಕೇಳಿದರೆ, "ಮಾರುವವನೇ ಕುಡಿದರೆ ಲೆಕ್ಕ ಬರೆಯುವುದು ಯಾರು ಮಾರಾಯ್ರೆ?" ಎನ್ನುತ್ತಾರೆ.

ಆದರೆ ಮೂಗು! ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಯಾವ ಬ್ರಾಂಡು, ಯಾವನು ನೀರು ಬೆರೆಸಿದ್ದಾನೆ ಎಂದು ಗಲ್ಲಾದಿಂದಲೇ ಹೇಳುತ್ತಾರೆ. ಅಡುಗೆಮನೆಯಲ್ಲಿ ಮೆಣಸು ಒಂದು ಕ್ಷಣ ಹೆಚ್ಚು ಹುರಿದರೆ ಇಲ್ಲಿ ಶೆಟ್ರು ನೋಟು ಎಣಿಸುವುದು ನಿಲ್ಲುತ್ತದೆ. ರುಚಿ ನೋಡದೆ ರುಚಿ ತಿಳಿಯುವ ಈ ವಿದ್ಯೆ ಯಾವ ರಾತ್ರಿ ಶಾಲೆಯಲ್ಲೂ ಕಲಿಸುವುದಿಲ್ಲ.

ಈ ಮೂಗಿನ ಮುಂದೆ ಸ್ಪೇನಿನ ಕೆಂಪು ವೈನು ಬಂದು ಕೂತದ್ದು ಅವರ ಅಳಿಯನಿಂದ. ಅಳಿಯ ಎಂದರೆ ನಮ್ಮ ಕಡೆಯ ಅಳಿಯ, ಅಕ್ಕನ ಮಗ. ಕಂಪನಿ ಕೆಲಸಕ್ಕೆಂದು ಬಿಲ್ಬಾವೋಕ್ಕೆ ಹೋದವನು, ಶನಿವಾರ ಸಿಕ್ಕಿತೆಂದು ರಿಯೋಹಾ ಸೀಮೆಯ ಹಾರೋ ಎಂಬ ಊರಿಗೆ ಹೋಗಿ, ಅಲ್ಲಿಂದ ವೈನಿನ ಜ್ಞಾನೋದಯ ಮಾಡಿಕೊಂಡು ಬಂದಿದ್ದ. ಜ್ಞಾನದ ಜೊತೆಗೆ ಎರಡು ಬಾಟಲಿ. ಹೊರದೇಶದಿಂದ ಬರುವವರು ಎರಡು ಲೀಟರಿನವರೆಗೆ ಸುಂಕವಿಲ್ಲದೆ ತರಬಹುದು. ಎರಡು ಬಾಟಲಿ ಎಂದರೆ ಒಂದೂವರೆ ಲೀಟರು. ಉಳಿದ ಅರ್ಧ ಲೀಟರು ದಂಡವಾಯಿತಲ್ಲ ಎಂದು ಶೆಟ್ರು ಮೊದಲು ಬೇಸರಪಟ್ಟರು. ವರ್ಷಗಟ್ಟಲೆ 150 ಪ್ರತಿಶತ ಆಮದು ಸುಂಕ ಕಂಡ ವ್ಯಾಪಾರಿಗೆ ಅದು ಸಣ್ಣ ನಷ್ಟವಲ್ಲ.

ಭಾನುವಾರ ಆರಿಸಿದೆವು. ಭಾನುವಾರದ ಫೋರ್ಟ್ ಬೇರೆಯೇ ಊರು. ವಾರವಿಡೀ ಕಾಲಿಡಲು ಜಾಗವಿಲ್ಲದ ಗಲ್ಲಿಗಳಲ್ಲಿ ಹುಡುಗರು ಸ್ಟಂಪಿಗೆ ಹಣ್ಣಿನ ಪೆಟ್ಟಿಗೆ ಇಟ್ಟು ಕ್ರಿಕೆಟ್ ಆಡುತ್ತಾರೆ. ಶಟರ್ ಎಳೆದ ಬ್ಯಾಂಕುಗಳ ಮೆಟ್ಟಿಲ ಮೇಲೆ ನಾಯಿಗಳು ಮ್ಯಾನೇಜರುಗಳ ಗತ್ತಿನಲ್ಲಿ ಮಲಗುತ್ತವೆ. (ಬ್ಯಾಂಕಿನಿಂದಲೇ ನಿವೃತ್ತನಾದ ನಾನು ಈ ಮಾತನ್ನು ಅಧಿಕಾರದಿಂದ ಹೇಳಬಲ್ಲೆ.) ಶೆಟ್ರ ಹೋಟೆಲಿಗೂ ರಜೆ. ಮೇಲಿನ ಮಾಳಿಗೆಯಲ್ಲಿ ಶೆಟ್ರು, ಅಳಿಯ, ನಾನು, ನಮ್ಮ ಹಳೆ ಸಹೋದ್ಯೋಗಿ ಭಟ್ರು. ಭಟ್ರು ಶುದ್ಧ ಸಸ್ಯಾಹಾರಿ. ವೈನು ದ್ರಾಕ್ಷಿಯದ್ದು, ಹಾಗಾಗಿ ಅದು ಫಲಾಹಾರ ಎಂಬ ಸಿದ್ಧಾಂತದವರು.

ಬಾಟಲಿಯ ಮೇಲೆ 'ವಿನ್ಯಾ ತೊಂದೋನಿಯಾ, ರಿಸರ್ವಾ' ಎಂದಿತ್ತು. ಲೋಪೆಸ್ ದೆ ಎರೆದಿಯಾ ಎಂಬ ಕುಟುಂಬದ್ದು. ಅಳಿಯ ಚರಿತ್ರೆ ಶುರುಮಾಡಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಹೇನು ಫ್ರಾನ್ಸಿನ ದ್ರಾಕ್ಷಿ ಬೇರುಗಳನ್ನು ತಿಂದು ತೇಗಿತು. ಬೋರ್ಡೋದ ವ್ಯಾಪಾರಿಗಳು ವೈನು ಹುಡುಕಿಕೊಂಡು ಬೆಟ್ಟ ದಾಟಿ ರಿಯೋಹಾಕ್ಕೆ ಬಂದರು. ಬರುವಾಗ ಮರದ ಪೀಪಾಯಿಯಲ್ಲಿ ವೈನು ಮಾಗಿಸುವ ಕಸುಬನ್ನೂ ತಂದರು. ಆ ಗದ್ದಲದಲ್ಲೇ 1877ರಲ್ಲಿ ರಫಾಯೆಲ್ ಲೋಪೆಸ್ ದೆ ಎರೆದಿಯಾ ಹಾರೋದಲ್ಲಿ ಈ ಮನೆತನದ ವೈನುಶಾಲೆ ಕಟ್ಟಿದ. ಈಗ ಅದನ್ನು ನಡೆಸುತ್ತಿರುವುದು ನಾಲ್ಕನೆಯ ತಲೆಮಾರು, ಮುಂದೆ ನಿಂತವರು ಅಕ್ಕತಂಗಿಯರು.

"ಅಕ್ಕತಂಗಿಯರಾ?" ಶೆಟ್ರು ಮೊದಲ ಬಾರಿಗೆ ನೆಟ್ಟಗೆ ಕೂತರು. ಅಳಿಯಸಂತಾನದ ಮನೆಯಲ್ಲಿ ಹುಟ್ಟಿದವರು; ಕಾನೂನು ಎಷ್ಟು ಬದಲಾದರೂ ಆಸ್ತಿ ಹೆಣ್ಣಿನ ಕೈಯಲ್ಲಿದ್ದರೆ ಮಾತ್ರ ಭದ್ರ ಎಂಬುದು ಅವರ ಒಳಗಿನ ನಂಬಿಕೆ. "ಹಾಗಾದರೆ ಮಾಲು ಒಳ್ಳೆದಿರಬಹುದು."

ರಿಯೋಹಾದ ಕಾನೂನು ರಿಸರ್ವಾ ವೈನನ್ನು ಒಟ್ಟು ಮೂರು ವರ್ಷ, ಅದರಲ್ಲಿ ಒಂದು ವರ್ಷ ಪೀಪಾಯಿಯಲ್ಲಿ, ಇಡಬೇಕೆನ್ನುತ್ತದೆ. ಈ ಮನೆಯವರು ಪೀಪಾಯಿಯಲ್ಲೇ ಆರು ವರ್ಷ ಇಡುತ್ತಾರೆ. ಆಮೇಲೆ ಬಾಟಲಿಯಲ್ಲಿ ಇನ್ನಷ್ಟು ವರ್ಷ. ನಮ್ಮೆದುರು ಇದ್ದದ್ದು ಹತ್ತು ವರ್ಷ ದಾಟಿದ ಸರಕು.

"ಆರು ವರ್ಷ ಮಾಲು ಗೋಡೌನಿನಲ್ಲಿ ಕೂತರೆ ಬಡ್ಡಿ ಯಾರು ಕಟ್ಟುವುದು?" ಶೆಟ್ರು ನನ್ನ ಕಡೆ ತಿರುಗಿದರು. "ಮ್ಯಾನೇಜರ್ರೇ, ನೀವು ಸಾಲ ಕೊಡ್ತಿದ್ದಿರಾ?"

ಕೊಡುತ್ತಿರಲಿಲ್ಲ. ಆರು ತಿಂಗಳು ಕದಲದ ಸರಕನ್ನು ಸತ್ತ ಸರಕೆಂದು ಬರೆದು ಫೈಲು ಮುಚ್ಚುವುದು ನಮ್ಮ ಧರ್ಮ. ಆ ಅಕ್ಕತಂಗಿಯರ ಮುತ್ತಾತ ನನ್ನ ಶಾಖೆಗೆ ಬಂದಿದ್ದರೆ ರಿಯೋಹಾದ ಚರಿತ್ರೆ ಅಲ್ಲಿಗೇ ಮುಗಿಯುತ್ತಿತ್ತು.

ಅಳಿಯ ಫೋನಿನಲ್ಲಿ ನೆಲಮಾಳಿಗೆಯ ಚಿತ್ರ ತೋರಿಸಿದ. ಪೀಪಾಯಿಗಳ ಮೇಲೆ, ಬಾಟಲಿಗಳ ಮೇಲೆ, ಮಾಡಿನಿಂದ ಜೋತು, ಕಪ್ಪುಗಟ್ಟಿದ ಜೇಡರ ಬಲೆ. ಬೇಕೆಂದೇ ಬಿಟ್ಟದ್ದಂತೆ; ಬಾಟಲಿಯ ಬಿರಡೆ ಕೊರೆಯುವ ಪತಂಗಗಳನ್ನು ಜೇಡ ಹಿಡಿಯುತ್ತದೆ. ಇಷ್ಟು ವರ್ಷ ಪ್ರತಿ ಮಂಗಳವಾರ ಉದ್ದ ಕೋಲಿಗೆ ಪೊರಕೆ ಕಟ್ಟಿಸಿ ಮಾಡು ಗುಡಿಸಿಸಿದ ಶೆಟ್ರು ಆ ಚಿತ್ರವನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ನೋಡಿದರು. "ನಮ್ಮಲ್ಲಿ ಇಷ್ಟು ಬಲೆ ಇದ್ದರೆ ಮುನ್ಸಿಪಾಲ್ಟಿಯವ ಬೀಗ ಹಾಕಿ ಹೋಗ್ತಿದ್ದ. ಅಲ್ಲಿ ಟಿಕೆಟು ಇಟ್ಟು ತೋರಿಸ್ತಾರೆ."

ಬಾಟಲಿಯನ್ನು 'ಕೋಣೆಯ ಉಷ್ಣತೆ'ಯಲ್ಲಿ ಕುಡಿಯಬೇಕೆಂದು ಪುಸ್ತಕಗಳು ಹೇಳುತ್ತವೆ. ಯಾರ ಕೋಣೆ ಎಂದು ಹೇಳುವುದಿಲ್ಲ. ಅವರದ್ದು 18 ಡಿಗ್ರಿಯ ಕೋಣೆ. ನಮ್ಮ ಮಾಳಿಗೆ 33. ಹಾಗಾಗಿ ಸ್ಪೇನಿನ ನಾಲ್ಕು ತಲೆಮಾರಿನ ಘನತೆ ಅರ್ಧ ತಾಸು ಕೆಳಗಿನ ಫ್ರಿಜ್ಜಿನಲ್ಲಿ ಮಾಂಜಿ, ಕಾಣೆ ಮೀನುಗಳ ಪಕ್ಕದಲ್ಲಿ ಮಲಗಿ ಎದ್ದು ಬಂತು. ಕಾಂಡವಿರುವ ಗ್ಲಾಸು ಎಂದು ಹುಡುಕಿದಾಗ ಸಿಕ್ಕಿದ್ದು ಐಸ್‌ಕ್ರೀಮ್ ಕೊಡುವ ಕಪ್ಪು ಮತ್ತು ಎಂದೋ ಬ್ರಾಂಡಿ ಕಂಪನಿ ಪುಕ್ಕಟೆ ಕೊಟ್ಟಿದ್ದ ನಾಲ್ಕು ದುಂಡು ಗ್ಲಾಸು.

ಬಿರಡೆ ತೆಗೆದು ಬಗ್ಗಿಸುವಷ್ಟರಲ್ಲಿ ವೇಟರ್ ಹುಡುಗ ತನ್ನ ನಿತ್ಯಕರ್ಮದಂತೆ ಐಸು, ಸೋಡಾ, ಥಮ್ಸ್ ಅಪ್ ತಂದು ಸಾಲಾಗಿ ಇಟ್ಟ. ಅಳಿಯನಿಗೆ ಎದೆ ಒಡೆಯಿತು. "ಇದಕ್ಕೆ ಥಮ್ಸ್ ಅಪ್ಪಾ?" ಎಂದು ಹುಡುಗನ ಮೇಲೆ ಹರಿಹಾಯ್ದ. ಆದರೆ ಹುಡುಗನ ಪರವಾಗಿ ಒಂದು ಮಾತು ಹೇಳಲೇಬೇಕು. ಕೆಂಪು ವೈನಿಗೆ ಕೋಲಾ ಬೆರೆಸಿ ಕುಡಿಯುವುದು ಸ್ಪೇನಿನವರೇ ಮಾಡುವ ಕೆಲಸ. ಕಾಲಿಮೋಚೊ ಎಂದು ಅದಕ್ಕೆ ಹೆಸರು. 1972ರಲ್ಲಿ ಬಿಲ್ಬಾವೋ ಪಕ್ಕದ ಅಲ್ಗೋರ್ತಾ ಎಂಬಲ್ಲಿ ಹಬ್ಬಕ್ಕೆ ತರಿಸಿದ ವೈನು ಹುಳಿಯಾಗಿ, ಎಸೆಯಲು ಮನಸ್ಸು ಬಾರದೆ ಕೋಲಾ ಸುರಿದಾಗ ಅದಕ್ಕೆ ಆ ಹೆಸರು ಬಿತ್ತೆನ್ನುತ್ತಾರೆ. ಅಳಿಯ ಇಳಿದದ್ದೇ ಆ ಬಿಲ್ಬಾವೋದಲ್ಲಿ. ಹಾರೋದವರಂತೂ ಪ್ರತಿ ಜೂನ್ 29ಕ್ಕೆ ಬೆಟ್ಟ ಹತ್ತಿ ಸಾವಿರಾರು ಲೀಟರು ಕೆಂಪು ವೈನನ್ನು ಒಬ್ಬರ ಮೇಲೊಬ್ಬರು ಎರಚಿಕೊಳ್ಳುತ್ತಾರೆ. ಈ ಮಾಹಿತಿಯನ್ನು ನಾನು ಅಲ್ಲೇ ಮಂಡಿಸಿದೆ. ಶೆಟ್ರು ಕಣ್ಣು ಮುಚ್ಚಿ ಸಾವಿರಾರು ಲೀಟರನ್ನು ಪೆಗ್ಗಿಗೆ ಇಳಿಸಿ ಗುಣಿಸುತ್ತಿದ್ದರು, ಅವರನ್ನು ಎಬ್ಬಿಸಲಿಲ್ಲ.

ಈಗ ಆಸ್ವಾದನೆ. ಮೊದಲು ನೋಡಬೇಕು. ಬಿಳಿಯ ಹಿನ್ನೆಲೆ ಬೇಕೆಂದಾಗ ಭಟ್ರು ತಮ್ಮ ಪಂಚೆಯ ಸೆರಗು ಹಿಡಿದರು. ನಡುವೆ ಮಾಣಿಕ್ಯದ ಕೆಂಪು, ಅಂಚಿನಲ್ಲಿ ಮಂಗಳೂರು ಹೆಂಚಿನ ಬಣ್ಣ. ವೈನಿಗೆ ವಯಸ್ಸಾದಂತೆ ಕೆಂಪು ಇಳಿದು ಹೆಂಚು ಏರುತ್ತದೆ. ಆಮೇಲೆ ಗ್ಲಾಸನ್ನು ತಿರುಗಿಸಬೇಕು. ಆಮೇಲೆ ಮೂಸಬೇಕು. ಅಳಿಯ ಕಣ್ಣು ಮುಚ್ಚಿ, "ಚೆರ್ರಿ... ಒಣಗಿದ ಅಂಜೂರ... ಹಳೆಯ ಚರ್ಮ... ತಂಬಾಕು..." ಎಂದು ಸಹಸ್ರನಾಮ ಶುರುಮಾಡಿದ. ಭಟ್ರು ಹೌದೌದು ಎಂದು ತಲೆಯಾಡಿಸಿದರು. ಚೆರ್ರಿಯನ್ನು ಅವರು ಕಂಡದ್ದು ಕೇಕಿನ ಮೇಲೆ ಮಾತ್ರ, ಅದೂ ಬಣ್ಣ ಹಾಕಿದ ಕರಂಡೆಕಾಯಿ. ಹಳೆಯ ಚರ್ಮದ ವಾಸನೆಯನ್ನು ಹೊಗಳುವುದು ಹೇಗೆಂದು ನನಗೂ ಹೊಳೆಯಲಿಲ್ಲ.

"ಮಾವ, ನೀವೂ ಮೂಸಿ ನೋಡಿ. ಕುಡಿಯುವುದು ಬೇಡ."

ಶೆಟ್ರು ಗ್ಲಾಸು ತಿರುಗಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಮೂಗಿನಿಂದ ನಾಲ್ಕು ಬೆರಳು ದೂರ ಹಿಡಿದು ಒಮ್ಮೆ ಉಸಿರೆಳೆದರು. "ಇದರಲ್ಲಿ ಕೊಬ್ಬರಿ ಉಂಟು."

ಅಳಿಯ ನಕ್ಕ. ಊರಿನವರಿಗೆ ಎಲ್ಲದರಲ್ಲೂ ಕೊಬ್ಬರಿಯೇ ಎಂದ. ಶೆಟ್ರು ಇನ್ನೊಮ್ಮೆ ಮೂಸಿದರು. "ಹಸಿ ಕಾಯಿ ಅಲ್ಲ. ಬಿಸಿಲಿಗೆ ಹಾಕಿದ ಕೊಬ್ಬರಿ, ಎರಡನೇ ದಿವಸದ್ದು. ಮರದ ಪೆಟ್ಟಿಗೆಯಲ್ಲಿಟ್ಟದ್ದು."

ಅಳಿಯ ಹಟಕ್ಕೆ ಬಿದ್ದು ಫೋನು ತೆಗೆದು ಓದತೊಡಗಿದ. ಓದುತ್ತ ಓದುತ್ತ ದನಿ ಇಳಿಯಿತು. ಈ ಮನೆಯವರು ಪೀಪಾಯಿ ಮಾಡುವುದು ಅಮೆರಿಕದ ಓಕ್ ಮರದಿಂದ. ಮರವನ್ನು ಅಪಲೇಚಿಯನ್ ಬೆಟ್ಟಗಳಿಂದ ತರಿಸಿ, ಸ್ವಂತ ಬಡಗಿಗಳಿಂದ ಅಂಗಳದಲ್ಲೇ ಮಾಡಿಸುತ್ತಾರೆ. ಫ್ರಾನ್ಸಿನ ಓಕಿಗಿಂತ ಅಮೆರಿಕದ ಬಿಳಿ ಓಕಿನಲ್ಲಿ ಲ್ಯಾಕ್ಟೋನ್ ಎಂಬ ದ್ರವ್ಯ ಹೆಚ್ಚು. ಆ ಲ್ಯಾಕ್ಟೋನಿನ ವಾಸನೆ ಸಾಕ್ಷಾತ್ ತೆಂಗಿನದ್ದು. ವೈನು ಪಂಡಿತರು ಹಳೆ ಶೈಲಿಯ ರಿಯೋಹಾವನ್ನು ಗುರುತು ಹಿಡಿಯುವ ಮುಖ್ಯ ಲಕ್ಷಣಗಳಲ್ಲಿ ಅದೂ ಒಂದು. ಓದಿ ಮುಗಿಸಿದ ಮೇಲೆ ಅಳಿಯ ಚರ್ಮ, ತಂಬಾಕುಗಳ ಸುದ್ದಿ ಎತ್ತಲಿಲ್ಲ. ಶೆಟ್ರಿಗೆ ಗೆದ್ದ ಭಾವವೇನೂ ಇರಲಿಲ್ಲ. ಕೊಬ್ಬರಿಯನ್ನು ಕೊಬ್ಬರಿ ಎಂದದ್ದರಲ್ಲಿ ವಿಶೇಷವೇನೆಂದು ಅವರು ಹುಡುಗನಿಗೆ ದೋಸೆ ತರಲು ಹೇಳುತ್ತಿದ್ದರು.

ಕುಡಿದಾಗ ಹೇಗಿತ್ತು? ನಾನು ಬಲ್ಲ ಕೆಂಪು ವೈನೆಂದರೆ ಗೋವಾದ ಸಿಹಿ ಪೋರ್ಟು ಮತ್ತು ಕ್ರಿಸ್‌ಮಸ್ಸಿಗೆ ಬೆಂದೂರಿನ ಗೆಳೆಯರ ಮನೆಯಲ್ಲಿ ಭರಣಿಯಿಂದ ಬಗ್ಗಿಸುತ್ತಿದ್ದದ್ದು. ಇದು ಸಿಹಿಯಲ್ಲ. ಮೊದಲು ಒಂದು ತೆಳುವಾದ ಹುಳಿ ಬಂದು ನಾಲಿಗೆಯ ಬದಿಗಳನ್ನು ಎಬ್ಬಿಸಿತು. ಅದರ ಹಿಂದೆ ಹಣ್ಣು, ಆದರೆ ತಾಜಾ ಅಲ್ಲ, ಬಹಳ ಕಾಲ ಯೋಚಿಸಿದ ಹಣ್ಣು. ಒಗರು ಇತ್ತು, ಕಚ್ಚಲಿಲ್ಲ. ನುಂಗಿದ ಮೇಲೂ ಅದು ಹೋಗದೆ, ಗಲ್ಲಿಯಲ್ಲಿ ಹುಡುಗರ ಒಂದು ಓವರು ಮುಗಿಯುವವರೆಗೆ ಬಾಯಲ್ಲಿ ನಿಂತಿತ್ತು. ದೊಡ್ಡ ದನಿಯ ವೈನಲ್ಲ. ಮತ್ತೊಂದು ಗುಟುಕಿಗೆ ಯಾರೂ ಅವಸರ ಮಾಡಲಿಲ್ಲ, ಭಟ್ರನ್ನು ಬಿಟ್ಟು.

ಹುಡುಗ ಮೊದಲು ತಂದದ್ದು ಬಂಗುಡೆ ಪುಳಿಮುಂಚಿ. ಬಂಗುಡೆಯ ಮೇಲೆ ಕೆಂಪು ವೈನು ಬಿದ್ದದ್ದೇ ತಡ, ಬಾಯೆಲ್ಲ ಹಳೆ ನಾಣ್ಯ ನೆಕ್ಕಿದ ಹಾಗಾಯಿತು. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶಕ್ಕೂ ಮೀನೆಣ್ಣೆಗೂ ಹುಟ್ಟಾ ವೈರ. ಮೆಣಸಿನ ಖಾರವನ್ನು ಮದ್ಯಸಾರ ಇನ್ನಷ್ಟು ಹೊತ್ತಿಸುವುದು ಬೇರೆ. ಮುಖಗಳನ್ನು ನೋಡಿದ ಶೆಟ್ರು ತಟ್ಟೆ ಎತ್ತಿಸಿದರು. "ಕೊಬ್ಬರಿ ಇದ್ದದ್ದಕ್ಕೆ ಕೊಬ್ಬರಿಯೇ ಸರಿ" ಎಂದು ಕೋರಿ ಸುಕ್ಕ, ಭಟ್ರಿಗೆ ಕಡಲೆ ಸುಕ್ಕ, ನೀರುದೋಸೆ ತರಿಸಿದರು. ಹುರಿದ ಕಾಯಿತುರಿಯೂ ಅಮೆರಿಕದ ಓಕೂ ಬಾಯಲ್ಲಿ ಭೇಟಿಯಾದದ್ದೇ ಮಾತು ನಿಂತುಹೋಯಿತು. ಕುಡಿಯದ ಮನುಷ್ಯ ಮೂಗಿನ ಆಧಾರದಿಂದ ಕೊಟ್ಟ ತೀರ್ಪು ಇದು.

ಅಷ್ಟರಲ್ಲಿ ಅಳಿಯ, ಉಳಿದ ಜ್ಞಾನವನ್ನೂ ಖಾಲಿ ಮಾಡುವ ಉಮೇದಿನಲ್ಲಿ, ಈ ವೈನನ್ನು ತಿಳಿಗೊಳಿಸುವುದು ಮೊಟ್ಟೆಯ ಬಿಳಿಯಿಂದ ಎಂದುಬಿಟ್ಟ. ಭಟ್ರ ಗ್ಲಾಸು ಗಾಳಿಯಲ್ಲೇ ನಿಂತಿತು.

"ಎಂತದರಿಂದ?"

"ಮೊಟ್ಟೆಯ ಬಿಳಿ ಹಾಕ್ತಾರೆ. ಅದು ಒಗರನ್ನು ಹಿಡಿದುಕೊಂಡು ಪೀಪಾಯಿಯ ತಳಕ್ಕೆ ಇಳಿಯುತ್ತದೆ. ಆಮೇಲೆ ಮೇಲಿನ ತಿಳಿಯನ್ನು ಬೇರೆ ಪೀಪಾಯಿಗೆ ಹಾಯಿಸ್ತಾರೆ."

ಭಟ್ರು ಗ್ಲಾಸಿನೊಳಗೆ ದೀರ್ಘವಾಗಿ ನೋಡಿದರು. ಐದು ನೂರು ವರ್ಷಗಳ ಆಚಾರ ಒಂದು ಕಡೆ, ಅರ್ಧ ಗ್ಲಾಸು ಇನ್ನೊಂದು ಕಡೆ. "ಅಂದರೆ ಬಂದದ್ದು ಹೌದು, ಉಳಿಯಲಿಲ್ಲ?"

"ಉಳಿಯಲಿಲ್ಲ."

"ದೋಷ ಕೆಳಗೆ ಕೂತಿತು. ನಾವು ಕುಡಿಯುವುದು ಮೇಲಿನದ್ದು" ಎಂದು ಭಟ್ರು ಗ್ಲಾಸು ಬರಿದು ಮಾಡಿದರು. ಸ್ಪೇನಿನ ಹೆರೆಸ್ ಕಡೆ ಹೀಗೆ ಮಿಗುತ್ತಿದ್ದ ಹಳದಿಯನ್ನು ಸನ್ಯಾಸಿನಿಯರ ಮಠಗಳಿಗೆ ಕೊಟ್ಟು, ಅವರು ಅದಕ್ಕೆ ಸಕ್ಕರೆ ಪಾಕ ಸೇರಿಸಿ ಸಿಹಿ ಮಾಡುತ್ತಿದ್ದರಂತೆ ಎಂದೆ. ಅದರ ವಿಚಾರ ಬೇಡ ಎಂದರು. ಆಚಾರ ಎಲ್ಲಾದರೂ ಒಂದು ಕಡೆ ನಿಲ್ಲಬೇಕಲ್ಲ.

ಬಾಟಲಿ ತಳ ಕಂಡಿತು. ಕೊನೆಯ ಗಷ್ಟನ್ನು ಹುಡುಗ ತನ್ನ ಥಮ್ಸ್ ಅಪ್ಪಿಗೆ ಬಗ್ಗಿಸಿಕೊಂಡ, ಯಾರೂ ತಡೆಯಲಿಲ್ಲ. ಭಟ್ರು ಎರಡನೇ ಬಾಟಲಿ ಎಲ್ಲಿ ಎಂದು ಸುತ್ತಿ ಬಳಸಿ ವಿಚಾರಿಸಿದರು.

"ಅದು ಅಮ್ಮನಿಗೆ. ನಾಳೆ ಊರಿಗೆ ಹೋಗ್ತೇನಲ್ಲ."

"ಅಮ್ಮ ಕುಡೀತಾರಾ?"

ಉತ್ತರ ಶೆಟ್ರಿಂದ ಬಂತು. "ನನ್ನ ಅಕ್ಕ ಕುಡಿಯುವವಳಲ್ಲ ಭಟ್ರೇ. ಒಳ್ಳೆ ವೈನು ಅಂತ ಕೇಳಿದರೆ ಮೊಮ್ಮಗಳ ಬಾಣಂತನಕ್ಕೆ ಆಗ್ತದೆ ಅಂತ ಕಪಾಟಿನಲ್ಲಿಟ್ಟು ಬೀಗ ಹಾಕ್ತಾಳೆ."

"ಮೊಮ್ಮಗಳಿಗೆ ಎಷ್ಟನೇ ತಿಂಗಳು?"

"ಏಳನೇ ಕ್ಲಾಸು."