ಭಸ್ಮಾಸುರನ ಕೈ, ಡಿಸ್ಕಿನ ತಲೆ

ಕುಮಟಾ ತಾಲೂಕಿನ ಬಾಡಕ್ಕೆ ಬಂದ ನೆಂಟರೆಲ್ಲ ಸಮುದ್ರಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಸಮುದ್ರಕ್ಕೆ ಬೆನ್ನು ಹಾಕಿ ಕೂತಿರುವುದು ಮಾಡಿನ ಮೇಲಿನ ಡಿಶ್‌ಗಳು ಮಾತ್ರ. ಡಿಡಿ ಫ್ರೀ ಡಿಶ್‌ನ ಚಾನೆಲ್‌ಗಳನ್ನು ಇಳಿಸಿಕೊಡುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬಾಡ ಇರುವುದು 74 ದಾಟಿದಲ್ಲಿ. ಹಾಗಾಗಿ ಅವು ಆಗ್ನೇಯಕ್ಕೆ ಕುತ್ತಿಗೆ ಎತ್ತಿದ್ದು ಎತ್ತಿದ್ದೇ, ಎಂಥ ಸೂರ್ಯಾಸ್ತಕ್ಕೂ ತಿರುಗಿ ನೋಡುವುದಿಲ್ಲ.

ಅಂಥದೊಂದು ಡಿಶ್‌ನ ಕೆಳಗಿನ ಮನೆಯಲ್ಲಿ, ಸೆಟ್ ಟಾಪ್ ಬಾಕ್ಸಿನ ಪಕ್ಕ, ಒಂದು ಟಿಬಿಯ ಹಾರ್ಡ್ ಡಿಸ್ಕ್ ಮಲಗಿತ್ತು. ಅದರ ಮೇಲೆ 'ಹೋಗಿದೆ' ಎಂಬ ಷರಾ ಬಿದ್ದು ಮೂರು ದಿನ. ಮೊಮ್ಮಗ ಕುಮಟಾ ಪೇಟೆಗೆ ಹೋಗಿದ್ದ. ಅಜ್ಜ ಊಟ ಮುಗಿಸಿ ಅಡ್ಡಾಗಿದ್ದರು. ಹೊರಗೆ ಆಷಾಢದ ಮಳೆ. ಪತ್ರಿಕೆಯ ಪ್ರತಿನಿಧಿ ನೆನೆದ ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ ಮಾತಿಗೆ ಕೂತರು.

"ನೀವು ಕೆಟ್ಟಿದ್ದೀರಿ ಅಂತ ಮನೆಯವರ ದೂರು. ಏನು ಹೇಳ್ತೀರಿ?"

"ಹಸಿದವನನ್ನು ಕೆಟ್ಟವ ಅಂದರೆ ಎಂತ ಹೇಳೂದು ಮಾರಾಯ್ರೇ? ಸ್ವಲ್ಪ ಕಿವಿ ಹತ್ತಿರ ತನ್ನಿ."

ಪ್ರತಿನಿಧಿ ಕಿವಿ ತಂದರು. ಡಿಸ್ಕಿನ ಹೊಟ್ಟೆಯಲ್ಲಿ ಏನೋ ತಿರುಗಲು ಹೊರಟಂತೆ ಸಣ್ಣ ಗುಂಯ್. ಆಮೇಲೆ ಟಿಕ್. ಮೌನ. ಮತ್ತೆ ಗುಂಯ್, ಮತ್ತೆ ಟಿಕ್. ಪಕ್ಕದ ನೀಲಿ ದೀಪ ಹೊತ್ತಿ ಆರಿತು.

"ಕೇಳಿತಲ್ಲ? ಬಾಕ್ಸಿನ ಯುಎಸ್‌ಬಿ ತೂತಿನಿಂದ ಬರುವುದು 5 ವೋಲ್ಟ್, 500 ಮಿಲಿಆಂಪ್. ಯುಎಸ್‌ಬಿ 2.0 ನಿಯಮದಲ್ಲಿ ಬರೆದ ಪಡಿ ಅಷ್ಟೇ. ನನ್ನೊಳಗೆ ನಿಮಿಷಕ್ಕೆ 5400 ಸುತ್ತು ತಿರುಗಬೇಕಾದ ತಟ್ಟೆ ಇದೆ. ತಿರುಗಲು ಹತ್ತಿದ ಮೇಲೆ ಹೇಗೋ ಸುಧಾರಿಸುತ್ತೇನೆ. ನಿಂತ ತಟ್ಟೆಯನ್ನು ಎಬ್ಬಿಸುವ ಆ ಮೊದಲ ಕೆಲವು ಸೆಕೆಂಡಿಗೆ ಮಾತ್ರ ಹತ್ತಿರ ಹತ್ತಿರ ಒಂದು ಆಂಪ್ ಬೇಕು. ತೋಟದ ಪಂಪ್‌ಸೆಟ್ ಚಾಲೂ ಮಾಡಿದ ಕೂಡಲೇ ಮನೆಯ ದೀಪ ಮಂಕಾಗೂದಿಲ್ವಾ, ಅದೇ ಕತೆ. ಅರ್ಧ ಏಳುತ್ತೇನೆ, ತ್ರಾಣ ಸಾಲದೆ ಕೂರುತ್ತೇನೆ. ಕೂರುವ ಸದ್ದೇ ಟಿಕ್."

"ಆದರೆ ಪೆನ್ ಡ್ರೈವ್ ಹಾಕಿದರೆ ಸರಿಯಾಗಿ ನಡೆಯುತ್ತದಂತೆ. ತೂತು ಸರಿ ಇದೆ ಅಂತಾಯ್ತಲ್ಲ?"

ಡಿಸ್ಕಿಗೆ ಸಿಟ್ಟು ಬಂತು. "ಅದಕ್ಕೆ ತಟ್ಟೆ ಉಂಟಾ, ತಿರುಗುವ ಕೆಲಸ ಉಂಟಾ? ಗಂಜಿ ತಿಳಿ ಕುಡಿದು ಬದುಕುವವರ ಲೆಕ್ಕ ಹಿಡಿದು ಗದ್ದೆ ಹೂಡುವವರಿಗೆ ಊಟ ಅಳೆದರೆ ಹೇಗೆ? ನನ್ನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಬಹುದಿತ್ತು. ಅದರ ಯುಎಸ್‌ಬಿ 3.0 ತೂತು 900 ಮಿಲಿಆಂಪ್ ಕೊಡುತ್ತದೆ. ಅಲ್ಲಿ ತಿರುಗಿದರೆ ತಪ್ಪು ನನ್ನದಲ್ಲ ಅಂತ ಐದು ನಿಮಿಷದಲ್ಲಿ ತೀರ್ಮಾನ. ಅಲ್ಲಿಯೂ ಟಿಕ್ ಟಿಕ್ ಅಂದರೆ, ಕೇಬಲ್ ಬದಲಿಸಿದರೂ ಅಂದರೆ, ಆಗ ನನಗೆ ಕೊನೆಗಾಲ ಅಂತ ತಿಳಿಯಿರಿ."

ಪರಿಹಾರವನ್ನೂ ಅದೇ ಹೇಳಿತು. ಒಂದು ತುದಿಗೆ ಎರಡು ಮೂತಿ ಇರುವ ಕೇಬಲ್ ಸಿಗುತ್ತದೆ: ಒಂದು ಮೂತಿ ಬಾಕ್ಸಿಗೆ, ಇನ್ನೊಂದು ಮೊಬೈಲ್ ಚಾರ್ಜರಿಗೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಆದರೆ ಇನ್ನೂ ಮೇಲು. ಕೇಬಲ್ ಉದ್ದವಾದಷ್ಟೂ ವೋಲ್ಟೇಜ್ ಸೋರುತ್ತದೆ, ಗಿಡ್ಡ ಇದ್ದಷ್ಟೂ ಒಳ್ಳೆಯದು. ಸಿಗ್ನಲ್ಲು ಸುಮಾರು 36 ಸಾವಿರ ಕಿಲೋಮೀಟರ್ ಮೇಲಿನಿಂದ ಸುಖವಾಗಿ ಇಳಿದು ಬಂದು ಕೊನೆಯ ಅರ್ಧ ಮೀಟರ್ ವೈರಿನಲ್ಲಿ ಎಡವುತ್ತದೆಂಬುದು ಡಿಸ್ಕಿಗೆ ಬಲು ನಗೆಯ ಸಂಗತಿ.

ಕರಾವಳಿಗೆ ಇನ್ನೊಂದು ಪೀಡೆ ಇದೆ. ಉಪ್ಪುಗಾಳಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಈ ಪಟ್ಟಿಯಲ್ಲಿ ಬಾಗಿಲ ಚಿಲಕಕ್ಕೆ ಹಿಡಿಯುವ ತುಕ್ಕು ಯುಎಸ್‌ಬಿಯನ್ನು ಬಿಟ್ಟೀತೇ? ಒಳಗಿನ ತಗಡಿನ ನಾಲಿಗೆಗಳಿಗೆ ಕಿಲುಬು ಕಟ್ಟುತ್ತದೆ. ಆಗ ಎಲ್ಲರೂ ಮಾಡುವ ಮೊದಲ ಮದ್ದು ಬಾಯಿಂದ ಉಫ್ ಎಂದು ಊದುವುದು. "ಉಸಿರಿನಲ್ಲಿ ಇರುವುದೇ ನೀರಿನ ಪಸೆ. ಗಾಯಕ್ಕೆ ಉಪ್ಪು ನೀರು ಚಿಮುಕಿಸಿ ಒಣಗಲಿ ಅಂತ ಕಾದ ಹಾಗೆ," ಎಂದಿತು ಡಿಸ್ಕ್. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ ಒಣಗಲು ಬಿಡಬೇಕು. ಕೊಬ್ಬರಿ ಎಣ್ಣೆ ಹಚ್ಚಬಾರದು. ಹಚ್ಚಿದ್ದಾರೆ, ಅದಕ್ಕೇ ಹೇಳಬೇಕಾಯಿತು.

"ಹಾಗಾದರೆ ಬಾಕ್ಸ್ ನಿಮ್ಮನ್ನು ಕಂಡ ಕೂಡಲೇ ಏನು ಹೇಳುತ್ತದೆ?"

"ಹೇಳೂದೆಂತ, ಕೇಳುತ್ತದೆ. 'ಫಾರ್ಮ್ಯಾಟ್ ಮಾಡಲೇ?' ಅಂತ. ಗುರುತು ಹತ್ತಲಿಲ್ಲವೋ, ಫಾರ್ಮ್ಯಾಟ್. ಕರೆಂಟು ಸಾಲಲಿಲ್ಲವೋ, ಫಾರ್ಮ್ಯಾಟ್. ತಲೆನೋವಿಗೂ ತಲೆ ತೆಗೆಯುವುದೇ ಚಿಕಿತ್ಸೆ. ನನ್ನ ಹೊಟ್ಟೆಯಲ್ಲಿ ಎಂತ ಇದೆ ಅಂತ ಗೊತ್ತಾ ನಿಮಗೆ? ಚಿಟ್ಟಾಣಿಯವರ ಭಸ್ಮಾಸುರ! ಟಿವಿಯಲ್ಲಿ ಬಂದ ದಿನ ಅಜ್ಜ ಎದುರಿಗೆ ಕೂತು ರೆಕಾರ್ಡ್ ಮಾಡಿಸಿದ್ದು."

ಪ್ರತಿನಿಧಿ ನೆಟ್ಟಗೆ ಕೂತರು. ಹೊನ್ನಾವರ ಸೀಮೆಯ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ಪಡೆದವರು, 2017ರಲ್ಲಿ ತೀರಿಕೊಂಡವರು. ಅವರ ಆಟವನ್ನು ಮತ್ತೊಮ್ಮೆ ಎದುರಿಗೆ ಕೂತು ನೋಡುವ ಭಾಗ್ಯ ಯಾರಿಗೂ ಇಲ್ಲ.

"ಪ್ರಸಂಗದಲ್ಲಿ ಭಸ್ಮಾಸುರ ತನ್ನ ತಲೆ ಮೇಲೆ ತಾನೇ ಕೈ ಇಡುತ್ತಾನೆ. ಇಲ್ಲಿ ಬಾಕ್ಸ್ ನನ್ನ ತಲೆ ಮೇಲೆ ಇಡುತ್ತದೆ, ಅದೂ ರಿಮೋಟಿನ ಓಕೆ ಗುಂಡಿ ಒತ್ತಿಸಿ. ಮೋಹಿನಿಯ ಲಾಸ್ಯವೂ ಇಲ್ಲ, ಎಂತದೂ ಇಲ್ಲ, ನೇರ ಬೂದಿ."

ಬೂದಿಯಾದದ್ದು ಮತ್ತೆ ಬರುವುದೇ ಇಲ್ಲವೇ? ಒಂದು ಸಣ್ಣ ದಾರಿ ಇದೆಯಂತೆ. ಅವಸರದ ಫಾರ್ಮ್ಯಾಟಿನಲ್ಲಿ ಅಳಿಯುವುದು ಪುಸ್ತಕದ ಪರಿವಿಡಿ, ಪುಟಗಳಲ್ಲ. ಕೂಡಲೇ ಕಿತ್ತು ತೆಗೆದು, ಅದರ ಮೇಲೆ ಏನೂ ಬರೆಯದೆ, ಕಂಪ್ಯೂಟರಿನಲ್ಲಿ ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿದರೆ ಬಹಳಷ್ಟು ಸಿಗಬಹುದು. ಆದರೆ ನಡೆಯುತ್ತಿರುವ ಕಾರ್ಯಕ್ರಮವನ್ನು ತಡೆದು ನಿಲ್ಲಿಸುವ ಟೈಮ್ ಶಿಫ್ಟ್ ಸೌಲಭ್ಯ ಬಾಕ್ಸಿನಲ್ಲಿ ಚಾಲೂ ಇದ್ದರೆ, ಫಾರ್ಮ್ಯಾಟ್ ಮುಗಿದ ಕ್ಷಣವೇ ಅದು ಬರೆಯಲು ಹತ್ತುತ್ತದೆ. ಚಿಟ್ಟಾಣಿಯವರ ಮೇಲೆ ಸೋಪಿನ ಜಾಹೀರಾತು ಬಂದು ಕೂರುತ್ತದೆ.

ಮಾತು ಭಾಷೆಯ ಕಡೆ ಹೊರಳಿತು. "ಕುಮಟಾ ಪೇಟೆಯಲ್ಲಿ ಕೊಂಕಣಿಯಲ್ಲಿ ಚೌಕಾಸಿ ಮಾಡಿ ಕನ್ನಡದಲ್ಲಿ ಲೆಕ್ಕ ಕೊಡುತ್ತಾರೆ, ಭಟ್ಕಳದಲ್ಲಿ ನವಾಯತಿಯೂ ಸೇರುತ್ತದೆ, ಯಾರ ವ್ಯಾಪಾರವೂ ನಿಂತಿಲ್ಲ. ಡಿಸ್ಕಿನಲ್ಲಿ ಫೈಲ್ ಬರೆದಿಡುವ ಭಾಷೆಗಳಲ್ಲಿ ಈ ಬಾಕ್ಸಿಗೆ ಮಾತ್ರ ಬರುವುದು ಒಂದೇ, ಫ್ಯಾಟ್32. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಹಾಗಾಗಿ ರೆಕಾರ್ಡಿಂಗ್ ಎಲ್ಲ ತುಂಡು ತುಂಡು. ಹೋದ ವರ್ಷ ಮೊಮ್ಮಗ ಗುಣವಂತೆಯಲ್ಲಿ ನಡೆದ ನಾಲ್ಕು ತಾಸಿನ ಆಟದ ವಿಡಿಯೊ ತಂದ, 14 ಜಿಬಿಯ ಒಂದೇ ಫೈಲ್. ನನ್ನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇದ್ದರೂ ಲ್ಯಾಪ್‌ಟಾಪ್ 'ಹಿಡಿಸೂದಿಲ್ಲ' ಅಂತು. ಎನ್‌ಟಿಎಫ್‌ಎಸ್ ಭಾಷೆಗೆ ಬದಲಿಸಿದರೆ ಹಿಡಿಸುತ್ತಿತ್ತು, ಆದರೆ ಆಗ ಈ ಬಾಕ್ಸ್ ನನ್ನನ್ನು ಅಪರಿಚಿತ ಅನ್ನುತ್ತದೆ. ಅಪರಿಚಿತರಿಗೆ ಅದು ಎಂತ ಮಾಡುತ್ತದೆ ಅಂತ ಆಗಲೇ ಹೇಳಿದೆನಲ್ಲ."

ಪುಣ್ಯಕ್ಕೆ ಇದು ಪೇಟೆಯಲ್ಲಿ ಸಿಗುವ ಸಾದಾ ಫ್ರೀ ಟು ಏರ್ ಬಾಕ್ಸ್. ತಿಂಗಳ ಬಾಡಿಗೆಯ ಡಿಟಿಎಚ್ ಬಾಕ್ಸುಗಳಲ್ಲಿ ರೆಕಾರ್ಡ್ ಮಾಡಿದ್ದಕ್ಕೆ ಸಾಮಾನ್ಯವಾಗಿ ಬೀಗ ಬೀಳುತ್ತದೆ. ಬರೆದ ಬಾಕ್ಸಿನಲ್ಲೇ ತೆರೆಯಬೇಕು. ಸಿಡಿಲಿಗೆ ಆ ಬಾಕ್ಸ್ ಸುಟ್ಟರೆ ಡಿಸ್ಕ್ ಪೂರ್ತಿ ಸರಿ ಇದ್ದೂ ಕೀಲಿಕೈ ಕಳೆದ ಪೆಟ್ಟಿಗೆ.

"ನಿಮ್ಮ ವಂಶದವರೆಲ್ಲ ಇಷ್ಟೇ ಸೂಕ್ಷ್ಮವೇ?"

"ನಮ್ಮ ಮುತ್ತಜ್ಜ 1956ರ ಐಬಿಎಂ ರಾಮ್ಯಾಕ್‌ನವ. ಐವತ್ತು ತಟ್ಟೆ, ಒಂದು ಟನ್ನಿನ ಆಚೀಚೆ ತೂಕ, ಹಿಡಿಯುತ್ತಿದ್ದದ್ದು ಸುಮಾರು 5 ಎಂಬಿ. ಮೊಬೈಲಿನ ಒಂದು ಫೋಟೊ. ಅವನನ್ನು ಟಿವಿ ಮೇಜಿನಿಂದ ಬೀಳಿಸುವ ಬೆಕ್ಕು ಹುಟ್ಟಿರಲಿಲ್ಲ."

ಕೊನೆಯದಾಗಿ, ಮಳೆಗಾಲದ ರೆಕಾರ್ಡಿಂಗಿನಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುವ ಆರೋಪ. ಡಿಸ್ಕ್ ಇದನ್ನು ಖಡಾಖಂಡಿತ ನಿರಾಕರಿಸಿತು. ಡಿಶ್‌ಗೆ ಬರುವ ಕೆಯು ಬ್ಯಾಂಡ್ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಹನಿಯ ಮಳೆ ಅದನ್ನು ದಾರಿಯಲ್ಲೇ ಹೀರಿ ಚದುರಿಸುತ್ತದೆ. "ಮೇಲಿಂದ ಒಡೆದು ಬಂದದ್ದನ್ನು ಒಡೆದಂತೆಯೇ ಬರೆದಿಟ್ಟಿದ್ದೇನೆ. ನಾನು ಗುಮಾಸ್ತ, ಭಾಗವತ ಅಲ್ಲ, ತಪ್ಪಿದ ಪದ್ಯ ಎತ್ತಿಕೊಡಲಿಕ್ಕೆ."

ಅಷ್ಟರಲ್ಲಿ ಮೊಮ್ಮಗ ಬಂದ. ಒದ್ದೆ ಚೀಲದೊಳಗೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನೊಳಗೆ ಎರಡು ಮೂತಿಯ ಕೇಬಲ್. ಒಂದು ಮೂತಿ ಬಾಕ್ಸಿಗೆ, ಒಂದು ಚಾರ್ಜರಿಗೆ. ಗುಂಯ್ ಎಂದದ್ದು ಈ ಸಲ ಟಿಕ್ ಎನ್ನಲಿಲ್ಲ, ಒಂದೇ ಶ್ರುತಿಯಲ್ಲಿ ನಿಂತಿತು. ಪರದೆಯ ಮೇಲೆ ಪಟ್ಟಿ ಮೂಡಿತು. ಸದ್ದಿಗೆ ಎದ್ದ ಅಜ್ಜ ಕನ್ನಡಕ ಹುಡುಕಿ ಹಾಕಿಕೊಂಡು ಭಸ್ಮಾಸುರದ ಎರಡನೇ ತುಂಡು ಹಾಕಿಸಿದರು. ಚಂಡೆ ಏರಿತು, ಚಿಟ್ಟಾಣಿ ರಂಗಕ್ಕೆ ಬಂದರು, ಗಿರಕಿ ಹೊಡೆಯಲು ತಿರುಗಿದರು. ಅದೂ ಇಂಥದೇ ಒಂದು ಮಳೆ ದಿನದ ರೆಕಾರ್ಡಿಂಗ್. ಕಿರೀಟ ನಾಲ್ಕು ಚೌಕವಾಗಿ ಒಡೆದು ಒಂದು ಕ್ಷಣ ಗಾಳಿಯಲ್ಲಿ ನಿಂತಿತು.

ಅಜ್ಜ ಮೊಮ್ಮಗನ ಕಡೆ ತಿರುಗಿದರು. "ತಮ್ಮಾ, ಈ ಡಿಸ್ಕ್ ಇನ್ನೂ ಸಮ ಆಗ್ಲಿಲ್ಲ."