ವಾಕಿಂಗ್ ಗುಂಪಿನ ವಿದಾಯಮೀಮಾಂಸೆ: ಬಣಕಲ್ ಸಂಪ್ರದಾಯದ ಒಂದು ಪ್ರಮಾಣಬದ್ಧ ಅಧ್ಯಯನ

ಪೀಠಿಕೆ

ಮಲೆನಾಡಿನ ಬಗ್ಗೆ ಪಂಡಿತರು ಬರೆಯದೆ ಬಿಟ್ಟದ್ದು ಕಡಿಮೆ. ಹೊಯ್ಸಳರ ಮೂಲಸ್ಥಾನವಾದ ಅಂಗಡಿ ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ ಇರುವುದರಿಂದ ಸಳನಿಗೂ ಹುಲಿಗೂ ಇಲ್ಲಿ ಬಿಡುವಿಲ್ಲ. ಬಾಬಾ ಬುಡನ್ ತಂದರೆನ್ನುವ ಏಳು ಕಾಫಿ ಬೀಜಗಳ ಮೇಲೆ ಬಂದ ಲೇಖನಗಳನ್ನು ಮೂಟೆ ಲೆಕ್ಕದಲ್ಲೇ ಅಳೆಯಬೇಕು. ಆದರೆ ಬಣಕಲ್‌ನಲ್ಲಿ ಬೆಳಿಗ್ಗೆ ಆರಕ್ಕೆ ಹೊರಡುವ ವಾಕಿಂಗ್ ಗುಂಪಿನಿಂದ ಒಬ್ಬ ಸದಸ್ಯ ಊರು ಬಿಡುವಾಗ ಏನೇನು ನಡೆಯುತ್ತದೆ ಎಂಬುದರ ಬಗ್ಗೆ ಒಂದು ಅಡಿಟಿಪ್ಪಣಿಯೂ ಇಲ್ಲ. ಈ ಕೊರತೆಯನ್ನು ತುಂಬಲು ಪ್ರಬಂಧಕಾರನು ಸ್ವತಃ ಊರು ಬಿಡಬೇಕಾಯಿತು. ವಿದ್ವತ್ತಿಗಾಗಿ ಇಷ್ಟು ತ್ಯಾಗ ಮಾಡಿದವರು ವಿರಳ. ಮಗಳ ಮನೆ ಬೆಂಗಳೂರಿನಲ್ಲಿದೆ ಎಂಬುದು ಇಲ್ಲಿ ಅಪ್ರಸ್ತುತ.

ಲಕ್ಷಣನಿರೂಪಣೆ

ವಾಕಿಂಗ್ ಎಂದರೆ ಎಲ್ಲಿಗೂ ಹೋಗದೆ ನಡೆಯುವುದು. ಹಿಂದೆ ಈ ಸೀಮೆಯಲ್ಲಿ ನಡೆಯುವವರಿಗೆ ಕಾರಣವಿತ್ತು. ಘಟ್ಟದ ಕೆಳಗಿನ ಜನ ತೋಟದ ಕೂಲಿಗೆಂದು ಘಟ್ಟ ಹತ್ತಿ ನಡೆದು ಬರುತ್ತಿದ್ದರು. ಈಗಿನವರಿಗೆ ಕಾರಣ ಸಕ್ಕರೆ ಕಾಯಿಲೆ. ತೋಟದ ಕೆಲಸಕ್ಕೆ ಹೊರಟ ಹೆಂಗಸೊಬ್ಬಳು ಒಮ್ಮೆ ನಮ್ಮನ್ನು ತಡೆದು, ‘ಎಲ್ಲಿಗೆ ಹೊರಟ್ರಿ ಅಯ್ಯಾ, ಎಲ್ರೂ ಒಟ್ಟಿಗೆ?’ ಎಂದು ಕೇಳಿದಳು. ಎಲ್ಲಿಗೂ ಇಲ್ಲ ಎಂದೆವು. ‘ಎಲ್ಲಿಗೂ ಇಲ್ದೇ ಹೋಗೋಕೆ ಇಷ್ಟು ಬೆವರಾ?’ ಎಂದಳು. ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಗುಂಪಿನ ಅಂಗಗಳು ಐದು: ತೋಟದ ಗೌಡ್ರು, ನಿವೃತ್ತ ಮೇಷ್ಟ್ರು, ಎಸ್ಟೇಟಿನ ರೈಟರು, ದಿನಸಿ ಅಂಗಡಿಯ ಸಾಹೇಬರು ಮತ್ತು ಪ್ರಬಂಧಕಾರ. ಇವರಿಗೆ ವಿಧಿ ಒಂದೇ. ಕೊಟ್ಟಿಗೆಹಾರದ ಕಡೆಗೆ ನಡೆದು, ನಿಗದಿಯಾದ ಹಲಸಿನ ಮರ ಬಂದಾಗ ಎಲ್ಲರೂ ಒಟ್ಟಿಗೆ ಹಿಂದಿರುಗಬೇಕು. ತಿರುಗದೆ ಮುಂದೆ ಹೋದವನು ಗುಂಪಿನವನಲ್ಲ, ಪ್ರಯಾಣಿಕ.

ವಿದಾಯದ ಸ್ವರೂಪವನ್ನು ಈಗ ಮೀಮಾಂಸಕರ ಆರು ಪ್ರಮಾಣಗಳಿಂದ ಪರೀಕ್ಷಿಸಲಾಗುವುದು.

ಒಂದು, ಪ್ರತ್ಯಕ್ಷ

ಪುಷ್ಯ ಮಳೆ ಹಿಡಿದ ಮೊದಲ ದಿನ, ನಾಲ್ಕು ಕೊಡೆಗಳ ಸಮಕ್ಷಮದಲ್ಲಿ ಪ್ರಬಂಧಕಾರನು ತಾನು ಊರು ಬಿಡುವ ವಿಷಯ ಪ್ರಕಟಿಸಿದನು. ಕಂಡ ಪ್ರತಿಕ್ರಿಯೆಗಳು ಹೀಗಿವೆ. ಗೌಡ್ರು ಆಕಾಶ ನೋಡಿದರು. ರೈಟರು, ‘ರೋಬಸ್ಟಾ ಚೆರಿ ಐವತ್ತು ಕೆಜಿ ಮೂಟೆಗೆ ಎಷ್ಟಂತೆ ಇವತ್ತು?’ ಎಂದರು. ಸಾಹೇಬರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ದುಃಖವೆಂಬ ಪದಾರ್ಥ ಬರಿಗಣ್ಣಿಗೆ ಕಾಣಿಸಲಿಲ್ಲ. ಮುಖಗಳು ಒದ್ದೆಯಾಗಿದ್ದವು ನಿಜ. ಆದರೆ ಜುಲೈ ತಿಂಗಳ ಬಣಕಲ್‌ನಲ್ಲಿ ಒದ್ದೆ ಮುಖ ಪುರಾವೆಯಾಗುವುದಿಲ್ಲ.

ಎರಡು, ಅನುಮಾನ

ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸಬೇಕೆಂಬುದು ತರ್ಕಶಾಸ್ತ್ರದ ಹಳೆಯ ದೃಷ್ಟಾಂತ. ಇದನ್ನು ಕಟ್ಟಿದ ಪಂಡಿತರು ಚಾರ್ಮಾಡಿ ಕಡೆಗೆ ಬಂದವರಲ್ಲ. ಇಲ್ಲಿ ಬೆಟ್ಟದ ಮೇಲೆ ಹೊಗೆಯಂತೆ ಕಾಣುವುದು ಮಂಜು. ಅದರ ಕೆಳಗೆ ಬೆಂಕಿಯಿರಲಿ, ಹೊತ್ತಿಸಲು ಒಂದು ಒಣ ಕಡ್ಡಿಯೂ ಸಿಕ್ಕುವುದಿಲ್ಲ. ಹೊರಗಿನ ಚಿಹ್ನೆಯಿಂದ ಒಳಗಿನದನ್ನು ಊಹಿಸುವ ಈ ಪ್ರಮಾಣ ಮಲೆನಾಡಿನಲ್ಲಿ ಬೆಟ್ಟಕ್ಕೂ ನಡೆಯದು, ಗೌಡ್ರಿಗೂ ನಡೆಯದು.

ಮೂರು, ಉಪಮಾನ

ಈ ಅಧ್ಯಯನದ ಮುಖ್ಯ ಕೊಡುಗೆ ಇಲ್ಲಿದೆ. ಕಾಕತಾಳೀಯ ನ್ಯಾಯ, ಬೀಜಾಂಕುರ ನ್ಯಾಯಗಳ ಸಾಲಿಗೆ ಪ್ರಬಂಧಕಾರನು ಸೇರಿಸುವುದು ಇಂಬಳ ನ್ಯಾಯ. ಇಂಬಳ ಕಾಲಿಗೆ ಹತ್ತುವಾಗ ಗೊತ್ತಾಗುವುದಿಲ್ಲ, ಕಚ್ಚುವಾಗಲೂ ನೋಯುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣ ಅದರ ಎಂಜಲಿನಲ್ಲಿದೆ. ಹೀಗಾಗಿ ಅದು ಬಿಟ್ಟು ಹೋದ ಮೇಲೆಯೇ ರಕ್ತ ಹರಿಯುವುದು ಕಾಣಿಸುತ್ತದೆ, ಬೇಗ ನಿಲ್ಲುವುದೂ ಇಲ್ಲ. ವಾಕಿಂಗ್ ಗೆಳೆತನವೂ ಹೀಗೆಯೇ ಎಂದು ಪ್ರಬಂಧಕಾರನು ಮಂಡಿಸಿದಾಗ ಸಾಹೇಬರು, ‘ನಮ್ಮನ್ನ ಇಂಬಳ ಅಂದ್ರಲ್ಲ ಇವ್ರು!’ ಎಂದು ನೊಂದುಕೊಂಡರು. ಇಂಬಳಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪು ಎಂಬ ಪರಿಹಾರಗಳುಂಟು. ದಾರ್ಷ್ಟಾಂತಿಕಕ್ಕೆ ಪರಿಹಾರ ಸಿಕ್ಕಿಲ್ಲ.

ನಾಲ್ಕು, ಶಬ್ದ

ಕನ್ನಡದಲ್ಲಿ ಹೊರಡುವವನು ‘ಹೋಗ್ತೀನಿ’ ಎನ್ನುವಂತಿಲ್ಲ. ಪ್ರಬಂಧಕಾರನು ಪ್ರಯೋಗಾರ್ಥವಾಗಿ ಹಾಗೆಂದಾಗ ಗೌಡ್ರು, ‘ಥೂ, ಬಿಡ್ತು ಅನ್ನಿ! ಹೋಗಿ ಬರ್ತೀನಿ ಅನ್ಬೇಕು ಕಣ್ರೀ’ ಎಂದು ಗದರಿದರು. ಅವಸರದಲ್ಲಿರುವವರು ‘ಹೋಗಿ’ಯನ್ನೂ ಕಳೆದು ಬರೀ ‘ಬರ್ತೀನಿ’ ಎಂದು ಹೋಗಿಬಿಡುತ್ತಾರೆ. ಅಗಲಿಕೆಗೆ ಬರುವಿಕೆಯ ಕ್ರಿಯಾಪದವನ್ನೇ ಬಳಸುವ ಭಾಷೆಯಲ್ಲಿ ಶುದ್ಧ ವಿದಾಯ ವ್ಯಾಕರಣದ ಪ್ರಕಾರ ಅಸಾಧ್ಯ. ಇನ್ನು ‘ಬೀಳ್ಕೊಡುಗೆ’ ಎಂಬುದನ್ನು ರೈಟರು ‘ಬಿದ್ದು ಕೊಡುವುದು’ ಎಂದು ಬಿಡಿಸಿದರು. ಪಾಚಿ ಕಟ್ಟಿದ ಕಾಲುದಾರಿಯಲ್ಲಿ ಮರುಕ್ಷಣವೇ ತಾವೇ ಜಾರಿ ಬಿದ್ದು ಅದನ್ನು ಸಮರ್ಥಿಸಿದರು.

ಗುಂಪಿಗೆ ಸಂಧಿನಿಯಮಗಳೂ ಅನ್ವಯಿಸುತ್ತವೆ. ಒಬ್ಬ ಹೋದರೆ ಲೋಪ, ಹೊಸಬ ಬಂದರೆ ಆಗಮ, ಹೋದವನ ಜಾಗಕ್ಕೆ ಇನ್ನೊಬ್ಬ ಬಂದರೆ ಆದೇಶ. ನಿವೃತ್ತ ಕಂಡಕ್ಟರೊಬ್ಬರ ಹೆಸರು ಪ್ರಬಂಧಕಾರನ ಎದುರಿಗೇ ಆದೇಶವಾಗಿ ಚರ್ಚೆಗೆ ಬಂತು. ಸಾಹಿತ್ಯದಲ್ಲಿ ಇದಕ್ಕಿಂತ ನಿಷ್ಠುರವಾದ ಅಗಲಿಕೆಯೂ ಉಂಟು. ಮೂಡಿಗೆರೆಯ ಬಳಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ಹಾರುವ ಓತಿ, ತನ್ನನ್ನು ಹುಡುಕಿಕೊಂಡು ಕಾಡೆಲ್ಲ ಅಲೆದವರ ಕಣ್ಣೆದುರೇ ಕಣಿವೆಗೆ ತೇಲಿಹೋಯಿತು. ‘ಬರ್ತೀನಿ’ ಎನ್ನಲಿಲ್ಲ. ಅದಕ್ಕೆ ಕನ್ನಡ ಬರುತ್ತಿರಲಿಲ್ಲವೆಂಬುದು ಮೇಷ್ಟ್ರ ಸಮಾಧಾನ.

ಐದು, ಅರ್ಥಾಪತ್ತಿ

ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಅಂದಮೇಲೆ ರಾತ್ರಿ ಉಣ್ಣುತ್ತಾನೆ. ಇದೇ ಅರ್ಥಾಪತ್ತಿ. ದಿನವೂ ನಡೆದರೂ ಗೌಡ್ರ ಹೊಟ್ಟೆ ಇಳಿಯದಿರುವುದರಿಂದ ರಾತ್ರಿಯ ಕಡುಬು ಸಿದ್ಧವಾಗುತ್ತದೆ. ಈ ಪ್ರಮಾಣವೇ ವಿದಾಯಕ್ಕೂ ದಾರಿ ತೋರಿಸಿತು. ಯಾರೂ ಏನೂ ಹೇಳಲಿಲ್ಲ, ಯಾರಿಗೂ ಬೇಸರವಾದಂತೆ ಕಾಣಲಿಲ್ಲ. ಆದರೂ ಕೊನೆಯ ದಿನ ಗೌಡ್ರ ಜೀಪಿನಲ್ಲಿ ಎಲ್ಲರೂ ಕೊಟ್ಟಿಗೆಹಾರಕ್ಕೆ ಹೋಗಿ, ಒಂದು ವಾರದ ವಾಕಿಂಗ್ ವ್ಯರ್ಥವಾಗುವಷ್ಟು ನೀರುದೋಸೆ ತಿಂದರು. ಹೊರಡುವ ಕಾರಿನ ಡಿಕ್ಕಿಯಲ್ಲಿ ಚಿಕೋರಿ ಬೆರೆಸದ ಕಾಫಿಪುಡಿ, ಕಾಳುಮೆಣಸು, ಜೇನು, ಕಳಲೆ ಉಪ್ಪಿನಕಾಯಿ ಮತ್ತು ಕಾಗದದಲ್ಲಿ ಕಟ್ಟಿದ ಜೀರಿಗೆಮೆಣಸು ಪತ್ತೆಯಾದವು. ಹಗಲು ಏನೂ ನಡೆಯಲಿಲ್ಲ. ಹಾಗಾದರೆ ರಾತ್ರಿ ನಾಲ್ಕೂ ಮನೆಗಳಲ್ಲಿ ಏನೋ ನಡೆದಿರಲೇಬೇಕು.

ಆಕ್ಷೇಪ

ಮೇಷ್ಟ್ರ ಪೂರ್ವಪಕ್ಷ ಹೀಗಿದೆ: ‘ಹೇಮಾವತಿ ಹುಟ್ಟೋದು ನಮ್ಮ ಜಾವಳಿಯಲ್ಲಿ. ಗೊರೂರು ಅಣೆಕಟ್ಟು ದಾಟಿ ಕನ್ನಂಬಾಡಿ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತೆ. ಬೆಂಗಳೂರಿನ ನಲ್ಲಿಯಲ್ಲಿ ಬರೋದು ಕಾವೇರಿ. ಇಲ್ಲಿಯ ನೀರನ್ನೇ ಅಲ್ಲಿ ಕುಡೀತೀರಿ. ಅಂದಮೇಲೆ ನೀವು ಎಲ್ಲಿ ಹೋದ ಹಾಗಾಯ್ತು?’ ವಾದ ಬಲವಾಗಿದೆ. ಆದರೆ ನೀರು ಹೋದ ದಾರಿಯಲ್ಲಿ ಹಿಂದಿರುಗುವುದಿಲ್ಲ. ಹಲಸಿನ ಮರದ ಹತ್ತಿರ ತಿರುಗಬೇಕೆಂಬ ನಮ್ಮ ವಿಧಿ ಹೇಮಾವತಿಗೆ ತಿಳಿಯದು. ಇದನ್ನು ಹೇಳಿದಾಗ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಮಳೆ ಬರುತ್ತಿತ್ತಾದ್ದರಿಂದ ಇದರ ಬಗ್ಗೆಯೂ ತೀರ್ಮಾನ ಹೇಳಲಾಗದು.

ಆರು, ಅನುಪಲಬ್ಧಿ

ಕೊನೆಯ ಪ್ರಮಾಣ ಸರಳವಾದದ್ದು. ಇದ್ದರೆ ಕಾಣಬೇಕಿತ್ತು, ಕಾಣಲಿಲ್ಲ, ಆದ್ದರಿಂದ ಇಲ್ಲ. ಇದರ ಪ್ರಯೋಗ ಬೆಂಗಳೂರಿನಲ್ಲಿ ನಡೆಯಿತು. ಮೊದಲ ದಿನ ಬೆಳಿಗ್ಗೆ ಆರಕ್ಕೆ ಪ್ರಬಂಧಕಾರನು ಬಡಾವಣೆಯ ಪಾರ್ಕಿಗೆ ಹೋದನು. ಅಲ್ಲಿ ನಡೆಯುವ ದಾರಿ ಗುಂಡಗಿದೆ. ಎಲ್ಲಿಯೂ ಹಿಂದಿರುಗುವ ಅಗತ್ಯವಿಲ್ಲ. ಕಾಫಿ ದರವನ್ನು ಯಾರೂ ಕೇಳಲಿಲ್ಲ. ನಾಲ್ಕು ಸುತ್ತು ಮುಗಿಸಿ ಕಲ್ಲುಬೆಂಚಿನ ಮೇಲೆ ಕುಳಿತು, ಅಭ್ಯಾಸಬಲದಿಂದ ಪ್ಯಾಂಟಿನ ಅಂಚು ಮಡಚಿ ಎರಡೂ ಕಾಲುಗಳನ್ನು ಹಿಮ್ಮಡಿಯವರೆಗೆ ನೋಡಿಕೊಂಡನು.

ಒಂದು ಇಂಬಳವೂ ಇರಲಿಲ್ಲ.