ಕಾಯೋದನ್ನ ಕಲಿಸೋರು ಯಾರು?

ಅಕ್ಕಾ, ಮಿಡಿ ಉಪ್ಪಿಗೆ ಹಾಕಿ ಆಯ್ತಾ? ಭರಣಿ ತೊಳೆದು ಕವುಚಿ ಹಾಕಿದ್ದು ಕಂಡೆ, ಅದಕ್ಕೇ ಕೇಳಿದೆ. ಈ ಸಲ ಜೀರಿಗೆ ಪರಿಮಳದ್ದೇ ಸಿಕ್ಕಿತಂತಲ್ಲ, ಪುಣ್ಯವಂತರು ನೀವು. ಹೊಳೆ ದಡದ ಮರದ್ದಾ? ಶರಾವತಿ, ವರದಾ, ಅಘನಾಶಿನಿ ದಂಡೆಯ ಅಪ್ಪೆಮಿಡಿ ಅಂದ್ರೆ ಅದರ ಸೊನೆಯ ವಾಸನೆಯೇ ಬೇರೆ. ನೆಲಕ್ಕೆ ಬೀಳಿಸದೆ, ತೊಟ್ಟು ಸಮೇತ ಕೊಯ್ಸಿದ್ರಿ ತಾನೆ? ಪೆಟ್ಟಾದದ್ದು ಒಂದು ಸೇರ್ಕೊಂಡ್ರೂ ಇಡೀ ಭರಣಿ ಹಾಳು.

ಇರಿ, ಒಳಗೆ ಹೋಗ್ಬೇಡಿ. ಒಂದು ಮಾತು ಹೇಳ್ಬೇಕು. ನಿನ್ನೆ ಸಂಜೆ ಮೊಮ್ಮಗನಿಗೆ ಬೈತಾ ಇದ್ರಲ್ಲ, "ಈಗಿನ ಮಕ್ಕಳಿಗೆ ತಾಳ್ಮೆ ಅನ್ನೋದೇ ಇಲ್ಲ, ಒಂದು ನಿಮಿಷ ಕಾಯೋಕಾಗಲ್ಲ" ಅಂತ. ಬೇಲಿ ಆಚೆಯ ಮಾತು ಈಚೆ ಕೇಳೇ ಕೇಳುತ್ತೆ, ಬೇಜಾರು ಮಾಡ್ಕೋಬೇಡಿ. ಆ ಮಾತು ನನಗೆ ಒಪ್ಪಿಗೆ ಆಗ್ಲಿಲ್ಲ. ಮೊನ್ನೆ ಅದೇ ಹುಡುಗ ನಿಮ್ಮ ಬಚ್ಚಲು ಕಟ್ಟೆ ಹತ್ರ ಕೂತು ಇರುವೆ ಸಾಲು ನೋಡ್ತಾ ಇದ್ದ. ಒಂದು ಸತ್ತ ಜೀರುಂಡೆಯನ್ನ ಅವು ಎಳ್ಕೊಂಡು ಗೂಡಿಗೆ ಸೇರಿಸೋ ತನಕ ಅಲ್ಲಾಡ್ಲಿಲ್ಲ. ತಾಳ್ಮೆ ಅವನಲ್ಲಿ ಬೇಕಾದಷ್ಟಿದೆ. "ಐದೇ ನಿಮಿಷ ಇರು ಪುಟ್ಟಾ" ಅಂತೀವಲ್ಲ, ಆ ಐದು ನಿಮಿಷದ ಮೇಲೆ ಮಾತ್ರ ಅವನಿಗೆ ನಂಬಿಕೆ ಇಲ್ಲ.

ಅಮೆರಿಕದ ಮಿಠಾಯಿ ಪರೀಕ್ಷೆ ಕೇಳಿದೀರಾ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಅನ್ನೋ ಮನಶ್ಶಾಸ್ತ್ರಜ್ಞರು 1960ರ ದಶಕದ ಕೊನೆಗೆ ಶುರು ಮಾಡಿದ್ದು. ಮಗುವಿನ ಮುಂದೆ ಒಂದು ತಿಂಡಿ ಇಟ್ಟು, "ನಾನು ಬರೋ ತನಕ ತಿನ್ನದೆ ಕಾದ್ರೆ ಎರಡು ಕೊಡ್ತೀನಿ" ಅಂತ ಹೇಳಿ ಹೊರಗೆ ಹೋಗೋದು. ಎಷ್ಟೋ ವರ್ಷ ಆದ್ಮೇಲೆ ಅದೇ ಮಕ್ಕಳನ್ನ ಹುಡುಕಿ ನೋಡಿದ್ರೆ, ಹೆಚ್ಚು ಹೊತ್ತು ಕಾದವರು ಓದಿನಲ್ಲೂ ಮುಂದೆ ಇದ್ರು ಅಂತ ಬಂತು. ನಾನು ಟೀಚರ್ ಆಗಿದ್ದ ಕಾಲದಲ್ಲಿ ಇದನ್ನ ಕೇಳದ ತರಬೇತಿ ಶಿಬಿರವೇ ಇರ್ಲಿಲ್ಲ ಅನ್ನಿ. ಕಾಯೋ ಮಗು ಗೆಲ್ಲುತ್ತೆ, ಕಾಯದ ಮಗು ಸೋಲುತ್ತೆ, ಅಷ್ಟೇ ಪಾಠ. ನನಗೆ ಅದು ಆಗಲೂ ಒಗ್ಗಿರ್ಲಿಲ್ಲ. ನಾಲ್ಕು ವರ್ಷದ ಕೂಸಿನ ಹಣೆಬರಹ ಒಂದು ಮಿಠಾಯಿಯಲ್ಲಿ ಬರೆದಿರುತ್ತಾ? 2018ರಲ್ಲಿ ಬೇರೆಯವರು 900ಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದು ನೋಡಿದ್ರು. ಮನೆಯ ಸ್ಥಿತಿಗತಿ, ತಾಯಿಯ ಓದು ಇದನ್ನೆಲ್ಲ ಸೇರಿಸಿ ನೋಡಿದಾಗ ಆ ಸಂಬಂಧ ಬಹಳ ಸಣ್ಣದಾಗಿ ಹೋಯ್ತು.

ಆದ್ರೆ ನನಗೆ ಮನಸ್ಸಿಗೆ ನಾಟಿದ್ದು ಇನ್ನೊಂದು. ಸೆಲೆಸ್ಟ್ ಕಿಡ್ ಅಂತ ಒಬ್ಬ ಹೆಣ್ಣುಮಗಳು, ಮನೆಯಿಲ್ಲದ ಕುಟುಂಬಗಳ ಆಶ್ರಯತಾಣವೊಂದರಲ್ಲಿ ಸ್ವಯಂಸೇವೆ ಮಾಡಿದವಳು. ಅಲ್ಲಿನ ಮಕ್ಕಳ ಕೈಗೆ ಏನು ಸಿಕ್ಕಿದ್ರೂ ಇನ್ನೊಬ್ಬರು ಕಿತ್ಕೊಳ್ಳೋ ಭಯ. ಆ ಮಕ್ಕಳ ಮುಂದೆ ಮಿಠಾಯಿ ಇಟ್ರೆ ತಕ್ಷಣ ತಿಂದುಬಿಡ್ತಾರೆ, ಅದೇ ಅವರಿಗೆ ಜಾಣತನ ಅಂತ ಅವಳಿಗೆ ಅನ್ನಿಸ್ತು. ಆಮೇಲೆ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ತನ್ನ ಜೊತೆಯವರನ್ನ ಸೇರಿಸ್ಕೊಂಡು 28 ಮಕ್ಕಳನ್ನ ಎರಡು ಗುಂಪು ಮಾಡಿ ನೋಡಿದಳು. ಮೊದಲು ಹಳೇ ಬಣ್ಣದ ಕಡ್ಡಿ ಕೊಟ್ಟು, "ಸ್ವಲ್ಪ ಇರು, ಚೆನ್ನಾಗಿರೋದು ತರ್ತೀನಿ" ಅನ್ನೋದು. ಒಂದು ಗುಂಪಿಗೆ ನಿಜವಾಗಿ ತಂದುಕೊಡೋದು. ಇನ್ನೊಂದು ಗುಂಪಿಗೆ, "ಅಯ್ಯೋ, ಇಲ್ಲವಂತೆ" ಅಂತ ಬರಿಗೈಲಿ ವಾಪಸು ಬರೋದು. ಸ್ಟಿಕ್ಕರ್ ವಿಷಯದಲ್ಲೂ ಹಾಗೇ. ಅದಾದ ಮೇಲೆ ಮಿಠಾಯಿ. ಮಾತು ಉಳಿಸ್ಕೊಂಡವರ ಗುಂಪಿನ ಮಕ್ಕಳು ಸರಾಸರಿ 12 ನಿಮಿಷ ಕಾದ್ರು, ಮಾತು ತಪ್ಪಿದವರ ಗುಂಪಿನವರು 3 ನಿಮಿಷ. 15 ನಿಮಿಷ ಪೂರ್ತಿ ಕಾದವರು ಆ ಕಡೆ 14ರಲ್ಲಿ 9 ಜನ, ಈ ಕಡೆ ಒಂದೇ ಒಂದು ಮಗು. ಇದು ಅಚ್ಚಾಗಿದ್ದು 2013ರಲ್ಲಿ. ಮಕ್ಕಳನ್ನ ಆರಿಸಿ ತೆಗೆದದ್ದಲ್ಲ ಅಕ್ಕಾ, ಎರಡು ಕಡೆಯೂ ಒಂದೇ ಥರದವು. ಎದುರಿಗೆ ನಿಂತ ದೊಡ್ಡವರು ಎರಡು ಸಲ ಏನು ಮಾಡಿದ್ರು ಅನ್ನೋದಷ್ಟೇ ವ್ಯತ್ಯಾಸ.

ಅದಕ್ಕೇ ಹೇಳಿದ್ದು. ಮಕ್ಕಳಿಗೆ ತಾಳ್ಮೆ ಕಲಿಸ್ಬೇಕು ಅಂದ್ರೆ ಮಕ್ಕಳ ಹತ್ರ ಶುರು ಮಾಡಿ ಪ್ರಯೋಜನ ಇಲ್ಲ. ನಾವು "ಐದು ನಿಮಿಷ" ಅಂತ ಹೇಳ್ತೀವಿ, ಫೋನು ಹಿಡ್ಕೊಂಡು ಮುಕ್ಕಾಲು ಗಂಟೆ ಮಾತಾಡ್ತೀವಿ. "ಆಮೇಲೆ ಕೊಡ್ತೀನಿ" ಅಂತೀವಿ, ಆಮೇಲೆ ಅನ್ನೋದು ಬರೋದೇ ಇಲ್ಲ. ಮಗು ಲೆಕ್ಕ ಇಟ್ಕೊಳ್ಳುತ್ತೆ. ಗಲಾಟೆ ಮಾಡಿದ್ರೆ ಮಾತ್ರ ಕೆಲಸ ಆಗುತ್ತೆ ಅಂತ ತಿಳ್ಕೊಳ್ಳುತ್ತೆ. ನಿಮಿಷದ ಲೆಕ್ಕ ಬೇಡ, ಕಣ್ಣಿಗೆ ಕಾಣೋದನ್ನ ಹೇಳಿ. "ಕುಕ್ಕರ್ ಮೂರು ಸಲ ಕೂಗಲಿ, ಆಮೇಲೆ ನಿನ್ನ ಜೊತೆ ಕೂರ್ತೀನಿ." ಮೂರನೇ ಸಲ ಕೂಗಿದ ತಕ್ಷಣ ಒಲೆ ಆರಿಸಿ ಹೋಗಿ ಕೂತ್ಕೊಳ್ಳಿ. ಕೈಯಲ್ಲಿ ಅರ್ಧ ಹೆಚ್ಚಿದ ಹುರುಳಿಕಾಯಿ ಇದ್ರೂ ಸರಿ, ಎದ್ದು ಹೋಗಿ. ಕೆಲವು ದಿನ ಹೀಗೆ ಮಾಡಿ ನೋಡಿ, ಅವನೇ ಸೀಟಿ ಎಣಿಸ್ತಾ ಕೂತಿರ್ತಾನೆ.

ಏನಂದ್ರಿ? ದೊಡ್ಡವರ ಗತಿ ಏನು ಅಂತಾನಾ? ದೊಡ್ಡವರದ್ದೂ ಇದೇ ಕಥೆ. ಬಸ್‌ಸ್ಟ್ಯಾಂಡಿನಲ್ಲಿ ನೋಡಿ. ಬಸ್ಸು ಅರ್ಧ ಗಂಟೆ ತಡ ಅಂತ ಕಂಟ್ರೋಲರ್ ಮೈಕಲ್ಲಿ ಹೇಳಿದ್ರೆ ಜನ ಒಂದು ಟೀ ಕುಡಿದು ಬರ್ತಾರೆ. ಏನೂ ಹೇಳದೆ ಕೂತ್ರೆ ಹತ್ತು ನಿಮಿಷಕ್ಕೇ ಕಿಟಕಿ ಹತ್ರ ಜಗಳ. ಸಿಗ್ನಲ್ಲಿನಲ್ಲಿ ಸೆಕೆಂಡು ಇಳಿಯೋ ಅಂಕಿ ಕಾಣ್ತಾ ಇದ್ರೆ ಬೈಕಿನವರು ಇಂಜಿನ್ ಆಫ್ ಮಾಡಿ ನಿಲ್ತಾರೆ. 1985ರಲ್ಲೇ ಡೇವಿಡ್ ಮೈಸ್ಟರ್ ಅನ್ನೋರು ಸಾಲಲ್ಲಿ ನಿಲ್ಲೋ ಮನಸ್ಸಿನ ಬಗ್ಗೆ ಬರೆದಿದ್ದರು. ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾಯೋದು ಗೊತ್ತಿದ್ದು ಕಾಯೋದಕ್ಕಿಂತ ಉದ್ದ ಅನ್ನಿಸುತ್ತೆ, ಕಾರಣ ಹೇಳದಿದ್ರೆ ಇನ್ನೂ ಉದ್ದ, ಕೈಗೆ ಏನಾದ್ರೂ ಕೆಲಸ ಇದ್ರೆ ಕಮ್ಮಿ ಅನ್ನಿಸುತ್ತೆ ಅಂತ. ನಮ್ಮ ಅಜ್ಜಿಯಂದಿರು ಹರಟೆಗೆ ಕೂರೋವಾಗ ಬೆಳ್ಳುಳ್ಳಿ ಬುಟ್ಟಿ ತಗೊಂಡೇ ಕೂರ್ತಿದ್ರಲ್ಲ, ಅವರಿಗೆ ಇದು ಗೊತ್ತಿತ್ತು.

ಟೀಚರ್ ಕೆಲಸದಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದದ್ದು ಮೂರು ಸೆಕೆಂಡು. ಮೇರಿ ಬಡ್ ರೋ ಅನ್ನೋ ಅಮೆರಿಕದ ವಿಜ್ಞಾನ ಶಿಕ್ಷಕಿ ಎಷ್ಟೋ ತರಗತಿಗಳ ಮಾತನ್ನ ಟೇಪ್ ಮಾಡಿ ಕೇಳಿ 1970ರ ದಶಕದಲ್ಲಿ ಬರೆದದ್ದು. ಟೀಚರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯೋದು ಸರಾಸರಿ ಒಂದು ಸೆಕೆಂಡು ಅಷ್ಟೇ. ಮಗು ಬಾಯಿ ತೆರೆಯೋದರೊಳಗೆ ಇನ್ನೊಬ್ಬರ ಹೆಸರು ಕೂಗಿ ಆಗಿರುತ್ತೆ. ಅದನ್ನ ಮೂರು ಸೆಕೆಂಡಿಗೆ ಏರಿಸಿದ್ರೆ ಉತ್ತರ ಉದ್ದ ಆಗುತ್ತೆ, ಎಂದೂ ಮಾತಾಡದ ಮಕ್ಕಳು ಕೈ ಎತ್ತುತ್ತಾರೆ, ಪ್ರಶ್ನೆಯನ್ನೂ ಕೇಳ್ತಾರೆ. ಇನ್ನೊಂದು ಸಂಗತಿಯನ್ನೂ ಆಕೆ ಕಂಡರು, ಅದನ್ನ ನೆನೆದ್ರೆ ಈಗಲೂ ಸಂಕಟ ಆಗುತ್ತೆ. ಜಾಣರು ಅಂತ ಗುರುತು ಮಾಡಿಟ್ಟ ಮಕ್ಕಳಿಗೆ ಟೀಚರುಗಳು ಹೆಚ್ಚು ಹೊತ್ತು ಕಾಯ್ತಿದ್ರು, ದಡ್ಡರು ಅಂದ್ಕೊಂಡವರಿಗೆ ಕಮ್ಮಿ. ಯಾರಿಗೆ ಹೆಚ್ಚು ಸಮಯ ಬೇಕೋ ಅವರಿಗೇ ಕಮ್ಮಿ! ಈ ಮಗುವಿನಿಂದ ಉತ್ತರ ಬರುತ್ತೆ ಅಂತ ಮನಸ್ಸು ಒಪ್ಪಿದ್ರೆ ಕಾಯೋದು ಕಷ್ಟವೇ ಅಲ್ಲ. ಒಪ್ಪದಿದ್ರೆ ಅರೆ ಸೆಕೆಂಡೂ ಜಾಸ್ತಿ. ಮೂರು ಸೆಕೆಂಡು ಅಂದ್ರೆ ಸಣ್ಣದು ಅನ್ಕೋಬೇಡಿ. ಇವತ್ತು ಯಾರನ್ನಾದ್ರೂ ಏನಾದ್ರೂ ಕೇಳಿ, ಬಾಯಿ ಮುಚ್ಕೊಂಡು ಮನಸ್ಸಲ್ಲೇ ಮೂರು ಎಣಿಸಿ ನೋಡಿ, ಎಷ್ಟು ದೊಡ್ಡದು ಅಂತ ತಿಳಿಯುತ್ತೆ.

ನಮ್ಮ ಮನೇಲಿ ಅತ್ತೆಗೆ ಈಗ ಮಾತು ನಿಧಾನ. ಹೆಸರು ನೆನಪಾಗಲ್ಲ, ನಡುವೆ ನಿಲ್ಲಿಸ್ತಾರೆ. ಎಲ್ಲರೂ ಅವರ ವಾಕ್ಯ ಮುಗಿಸೋಕೆ ಓಡ್ತಾರೆ. ಪ್ರೀತಿಯಿಂದಲೇ, ಸಹಾಯ ಅಂತಲೇ. ನಾನು ಅವರ ಪಕ್ಕ ಕೂತಾಗ ಮಡಿಲಲ್ಲಿ ಬಸಳೆ ಸೊಪ್ಪು ಸೋಸ್ತಾ ಇರ್ತೀನಿ, ಮುಖ ಅವರ ಕಡೆ ಇರುತ್ತೆ. ಕೈಗೆ ಕೆಲಸ ಇರೋದ್ರಿಂದ ಬಾಯಿ ಸುಮ್ಮನಿರುತ್ತೆ. ಅವರ ಮಾತು ಬಂದೇ ಬರುತ್ತೆ. ಮೊನ್ನೆ ಹಾಗೇ ಕಾಯ್ತಾ ಇದ್ದಾಗ, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಏರಿ ತವರಿನ ಗದ್ದೆ ಮುಳುಗಿದ್ದನ್ನ ಹೇಳಿದ್ರು. ಮುಳುಗೋ ಮುಂಚೆ ಅವರ ಅಪ್ಪ ಅಂಗಳದ ದಾಸವಾಳದ ಗೂಟ ಕಡಿದು ತಂದಿದ್ರಂತೆ. ನೋಡಿ, ಈ ಬೇಲಿಗೆ ನೆಟ್ಟಿರೋದು ಅದೇ ಗಿಡದ ಸಂತಾನ. ಇಷ್ಟು ವರ್ಷ ಜೊತೆಗಿದ್ದರೂ ನಮಗೆ ಯಾರಿಗೂ ಗೊತ್ತಿರ್ಲಿಲ್ಲ.

ಮಿಡಿ ವಿಷಯಕ್ಕೇ ಬನ್ನಿ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು ಭರಣಿಯ ಬಟ್ಟೆ ದಿನಾ ಬಿಚ್ಚಿ ನೋಡ್ತಾರಲ್ಲ, ಯಾಕೆ? ಕಲ್ಲುಪ್ಪು ಮಿಡಿಯ ನೀರನ್ನ ಎಳ್ಕೊಳ್ಳುತ್ತೆ, ಮಿಡಿ ಚಿರುಟಿಕೊಳ್ಳುತ್ತೆ, ಆ ಉಪ್ಪುನೀರಲ್ಲೇ ಸೊನೆಯ ಘಮ ಇಳಿಯುತ್ತೆ ಅನ್ನೋದನ್ನ ಕೇಳಿರ್ತಾರೆ, ಕಂಡಿರಲ್ಲ. ಒಂದು ವರ್ಷ ಕಂಡ ಮೇಲೆ ಮುಂದಿನ ವರ್ಷ ಭರಣಿ ಕಡೆ ತಿರುಗಿಯೂ ನೋಡಲ್ಲ, ನಡುವೆ ಒಂದೆರಡು ಸಲ ಕುಲುಕಿ ಇಡ್ತಾರೆ ಅಷ್ಟೆ. ಯಾರೂ ಅವರಿಗೆ ತಾಳ್ಮೆಯ ಪ್ರವಚನ ಮಾಡಿರಲ್ಲ, ಉಪ್ಪು ಕೊಟ್ಟ ಮಾತು ಉಳಿಸ್ಕೊಂಡಿರುತ್ತೆ. ನನಗೂ ಎಲ್ಲೆಲ್ಲಿ ಸಿಡಿಮಿಡಿ ಅನ್ನಿಸುತ್ತೋ ಅಲ್ಲೆಲ್ಲ ಈಗ ಒಂದು ಪ್ರಶ್ನೆ ಕೇಳ್ಕೊಳ್ಳೋ ಅಭ್ಯಾಸ ಆಗಿದೆ. ಇಲ್ಲಿ ನಾನು ಯಾವುದನ್ನ ನಂಬ್ತಾ ಇಲ್ಲ? ಇವರ ಮಾತನ್ನೋ, ಇವರ ಕೈಯನ್ನೋ? ಎಷ್ಟೋ ಸಲ ನಂಬೋಕೆ ಕಾರಣ ಇರುತ್ತೆ, ಆಗ ಸಿಡುಕು ತಾನಾಗೇ ಇಳಿಯುತ್ತೆ.

ಇಳಿಯಬಾರದ ಜಾಗವೂ ಇದೆ ಅಕ್ಕಾ, ಅದನ್ನ ಹೇಳದೆ ಬಿಟ್ರೆ ಮಾತು ಅರ್ಧ ಆಗುತ್ತೆ. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿ "ನಾಳೆ ಬನ್ನಿ, ಮುಂದಿನ ವಾರ ಬನ್ನಿ" ಅಂತ ಕೇಳಿಸ್ಕೊಂಡು ಬಿಸಿಲಲ್ಲಿ ವಾಪಸು ಬರೋ ಮುದುಕಿಗೆ "ತಾಳಿದವನು ಬಾಳಿಯಾನು" ಅಂತ ಗಾದೆ ಹೇಳೋದು ಅನ್ಯಾಯ. ಅವಳು ಎಷ್ಟು ಕಾಯ್ಬೇಕೋ ಅದಕ್ಕಿಂತ ಜಾಸ್ತಿ ಆಗಲೇ ಕಾದಿದಾಳೆ. ಅಲ್ಲಿ ಕಲಿಯಬೇಕಾದವರು ಕಿಟಕಿಯ ಒಳಗಿನವರು. ಅದಕ್ಕೇ ನಮ್ಮ ರಾಜ್ಯದಲ್ಲಿ 2011ರಲ್ಲಿ ಕಾನೂನು ಮಾಡಿ, 2012ರಿಂದ ಸಕಾಲ ಅಂತ ಜಾರಿಗೆ ತಂದದ್ದು. ಯಾವ ಸೇವೆ ಎಷ್ಟು ದಿನದಲ್ಲಿ ಕೊಡ್ಬೇಕು ಅಂತ ಗೊತ್ತು ಮಾಡಿ, ತಡ ಆದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದ್ರೆ 500 ರೂಪಾಯಿ ತನಕ ಅರ್ಜಿದಾರರಿಗೆ ಕೊಡ್ಬೇಕು, ತಡ ಮಾಡಿದ ನೌಕರರಿಂದಲೇ ಅದನ್ನ ವಸೂಲಿ ಮಾಡ್ಬೇಕು ಅಂತ ಇದೆ. ದುಡ್ಡು ದೊಡ್ಡದಲ್ಲ. "ಇಂಥ ದಿನಕ್ಕೆ ಕೊಡ್ತೀವಿ" ಅಂತ ಸರ್ಕಾರ ಬರೆದುಕೊಟ್ಟ ಮಾತು ದೊಡ್ಡದು. ಆ ಮಾತು ಕೈಯಲ್ಲಿದ್ರೆ ಮನುಷ್ಯ ನೆಮ್ಮದಿಯಿಂದ ಕಾಯ್ತಾನೆ, ಕಾಯೋ ದಿನ ಮುಗಿದ ಮೇಲೆ ತಲೆ ಎತ್ತಿ ಕೇಳ್ತಾನೆ.

ನಿಮ್ಮ ಯಜಮಾನರೂ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದಾರಲ್ಲ, ಅದಕ್ಕೆ ಸ್ವೀಕೃತಿ ಚೀಟಿ ಕೊಟ್ಟಿದ್ರಾ? ಅದರಲ್ಲಿ ಜಿ.ಎಸ್.ಸಿ. ಅಂತ 15 ಅಂಕಿಯ ಸಂಖ್ಯೆ ಇರುತ್ತೆ, ಹುಡುಕಿಡಿ. ಇಲ್ಲದಿದ್ರೆ ಇವತ್ತೇ ಹೇಳಿ, ಕೇಳಿ ಪಡ್ಕೊಳ್ಳೋಣ. ದಿನ ಮೀರಿದ್ರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಬರೆಯೋಕೆ ಅವಕಾಶ ಇದೆ, ನಾನೇ ಬರ್ಕೊಡ್ತೀನಿ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಈ ಬೇಲಿ ಹತ್ರ ಬಂದು ನಿಲ್ತೀನಿ, ಕಚೇರಿಗೆ ಒಟ್ಟಿಗೇ ಹೋಗೋಣ. ಅಣ್ಣನಿಗೆ ತಿಂಡಿ ಕೊಟ್ಟು, ಮಾತ್ರೆ ನುಂಗಿಸಿ ಹೊರಡಿಸಿ.